ಕಾರಿನ ಬಾಗಿಲಿಗೆ ದೂರದ ಕೈ

ಕಾರಿನಿಂದ ಇಳಿಯುವಾಗ ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆರೆಯಬೇಡಿ, ದೂರದ ಕೈಯಿಂದ ತೆರೆಯಿರಿ. ಅಂದರೆ ಡ್ರೈವರ್ ಎಡಗೈ ಚಾಚಬೇಕು, ಎಡಬದಿಗೆ ಕೂತವರು ಬಲಗೈ. ಹಾಗೆ ಮಾಡಿದರೆ ಮೈ ತಾನಾಗಿಯೇ ತಿರುಗುತ್ತದೆ, ಕಣ್ಣು ಕನ್ನಡಿ ದಾಟಿ ಹಿಂದಿನ ರಸ್ತೆಗೆ ಹೋಗುತ್ತದೆ, ಬರುತ್ತಿರುವ ಸೈಕಲ್ಲು, ಬೈಕು ಕಾಣುತ್ತದೆ, ಬಾಗಿಲೂ ಒಮ್ಮೆಲೇ ಪೂರ್ತಿ ತೆರೆಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಡ್ರೈವಿಂಗ್ ಕಲಿಸುವಾಗಲೇ ಇದನ್ನು ರೂಢಿ ಮಾಡಿಸುತ್ತಾರೆ, ಅದಕ್ಕೇ ಇದಕ್ಕೆ ‘ಡಚ್ ರೀಚ್’ ಅನ್ನೋ ಹೆಸರು (ಡಚ್ ಅಂದರೆ ನೆದರ್ಲೆಂಡ್ಸ್‌ನವರು, ರೀಚ್ ಅಂದರೆ ಕೈ ಚಾಚುವುದು). ಅಲ್ಲಿ ಸ್ಟೇರಿಂಗ್ ಎಡಕ್ಕೆ, ಹಾಗಾಗಿ ಡ್ರೈವರ್ ಚಾಚುವುದು ಬಲಗೈ. ನಮ್ಮ ಹಾಗೇ ಎಡಕ್ಕೆ ಗಾಡಿ ಓಡಿಸುವ ಬ್ರಿಟನ್ 2022ರಲ್ಲಿ ಇದನ್ನು ತನ್ನ ಹೈವೇ ಕೋಡ್‌ಗೆ, ಅಂದರೆ ರಸ್ತೆ ನಿಯಮಗಳ ಕೈಪಿಡಿಗೆ, ಸೇರಿಸಿತು. ನಮ್ಮಲ್ಲಿ ಟೆಸ್ಟ್ ಅಂದರೆ ರಿವರ್ಸ್, ಟ್ರ್ಯಾಕ್ ಅಂತ ಅದರ ಕಡೆಗೇ ಜಾಸ್ತಿ ಗಮನ, ಇಳಿಯುವುದನ್ನು ಯಾರೂ ಹೇಳಿಕೊಡುವುದಿಲ್ಲ. ಬೆಳಗಾವಿಯ ಖಡೇಬಜಾರ್, ಗಣಪತ್ ಗಲ್ಲಿ ಕಡೆ ಕಾರು ನಿಲ್ಲಿಸುವವರಿಗೆ ಇದು ತುಂಬಾ ಬೇಕು, ಅಲ್ಲಿ ಬೈಕುಗಳು ಬಾಗಿಲಿಗೆ ತಾಗುವಷ್ಟು ಹತ್ತಿರ ಹೋಗುತ್ತವೆ, ಎಡಗಡೆಯಿಂದಲೂ ನುಗ್ಗುತ್ತವೆ. ಆದರೆ ಕೈಯಲ್ಲಿ ಚೀಲ, ಮೊಬೈಲ್ ಇದ್ದರೆ ಇದು ಆಗದು, ಮೊದಲು ಕೈ ಖಾಲಿ ಮಾಡಿಕೊಳ್ಳಿ. ಮಳೆಯಲ್ಲಿ ಗಾಜು ಮಂಜಾಗಿದ್ದರೆ, ಹಿಂದೆ ದೊಡ್ಡ ಗಾಡಿ ಅಡ್ಡ ನಿಂತಿದ್ದರೆ ತಿರುಗಿದರೂ ಏನೂ ಕಾಣುವುದಿಲ್ಲ, ಆಗ ಬಾಗಿಲನ್ನು ನಾಲ್ಕು ಬೆರಳಷ್ಟೇ ತೆರೆದು ನೋಡಿ. ಹಿಂದಿನ ಸೀಟಿನ ಸಣ್ಣ ಮಕ್ಕಳಿಗೆ ಇದು ನೆನಪಿರುವುದಿಲ್ಲ, ಅವರಿಗೆ ಚೈಲ್ಡ್ ಲಾಕ್ ಹಾಕಿ, ನೀವೇ ಇಳಿದು ಬಾಗಿಲು ತೆಗೆಯಿರಿ.