ಸಂಪಿನೊಳಗೆ ಕೋಲು ಇಳಿಸಿದ ಮೇಲೆ

ಬಳ್ಳಾರಿಯ ಗಾಂಧಿನಗರದ ಕಡೆ 24 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಎರಡು ವರ್ಷ ನಾನು ಸಂಘದ ಖಜಾಂಚಿ ಆಗಿದ್ದೆ. ಮೊದಲ ದಿನ ಕೈಗೆ ಬಂದದ್ದು ಒಂದು ರಸೀದಿ ಪುಸ್ತಕ, ಪಾಸ್‌ಬುಕ್ ಮತ್ತು ಏಳು ಮನೆಗಳ ಬಾಕಿ. ಏಪ್ರಿಲ್ ತಿಂಗಳು ಬೇರೆ.

ನಮ್ಮೂರಿಗೆ ಬರುವುದು ತುಂಗಭದ್ರಾ ಕಾಲುವೆ ನೀರು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಅಲ್ಲಿಪುರ ಕೆರೆಯಲ್ಲಿ ತುಂಬಿಟ್ಟ ನೀರೇ ಗತಿ. ನಳದ ಸರದಿ ದೂರ ಆಗುತ್ತದೆ. ನಮ್ಮ ಬೋರು ಹತ್ತು ನಿಮಿಷ ಓಡಿ ನಿಂತುಬಿಡುತ್ತದೆ. ಟ್ಯಾಂಕರ್ ಕರೆಸಲೇಬೇಕು. ಟ್ಯಾಂಕರ್ ಬಿಲ್ ಬಂತೆಂದರೆ ಜಗಳವೂ ಬಂತು. ಮೇಲಿನವರು ಜಾಸ್ತಿ ಬಳಸುತ್ತಾರೆ, ಕೆಳಗಿನವರು ಕಾರು ತೊಳೆಯುತ್ತಾರೆ, ಹೀಗೇ ಮಾತು. ಎಷ್ಟು ನೀರು ಬರುತ್ತಿದೆ ಅಂತ ಮಾತ್ರ ಯಾರೂ ಅಳೆದಿರಲಿಲ್ಲ.

ನಾನು ಮಾಡಿದ ಮೊದಲ ಕೆಲಸ ಅದೇ. ಸಂಪಿನ ಒಳ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಅಂದರೆ ನೀರು ಒಂದು ಸೆಂಟಿಮೀಟರ್ ಏರಿದರೆ 120 ಲೀಟರ್ ಬಂದ ಹಾಗೆ. ಉದ್ದದ ಪ್ಲಾಸ್ಟಿಕ್ ಪೈಪೊಂದಕ್ಕೆ ಪೇಂಟಿನಲ್ಲಿ ಗುರುತು ಹಾಕಿದೆ. ಟ್ಯಾಂಕರ್ ಬಂದಾಗ ಮೋಟರ್ ಆಫ್ ಮಾಡಿಸಿ, ನೀರು ಬಿಡುವ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಅಳೆದೆ. ಬಿಲ್‌ನಲ್ಲಿದ್ದದ್ದು ಐದು ಸಾವಿರ ಲೀಟರ್, ಅಂದರೆ ಸುಮಾರು 42 ಸೆಂಟಿಮೀಟರ್ ಏರಬೇಕು. ಏರಿದ್ದು 35. ಅಂದರೆ 4,200 ಲೀಟರ್.

ಡ್ರೈವರ್‌ಗೆ ಕೋಲು ತೋರಿಸಿದೆ. "ಅಕ್ಕಾ, ನಾನು ತುಂಬಿಸಿಕೊಂಡು ಬರ್ತೀನಿ ಅಷ್ಟೇ, ಮಾಲೀಕರನ್ನ ಕೇಳ್ರಿ" ಅಂದ. ಅವನ ಮೇಲೆ ರೇಗಲಿಲ್ಲ. ಮಾಲೀಕರಿಗೆ ಅಳತೆಯ ಫೋಟೊ ಕಳಿಸಿದೆ. ಮುಂದಿನ ವಾರದಿಂದ ಸಂಪಿಗೆ ಬಿದ್ದಷ್ಟಕ್ಕೇ ದುಡ್ಡು ಅಂತ ಮಾತಾಯಿತು.

ಸೋರಿಕೆ ಹುಡುಕಿದ್ದು ಆಮೇಲೆ. ಎಲ್ಲರೂ ಮಲಗಿದ ಮೇಲೂ ಮೇಲಿನ ಟ್ಯಾಂಕಿನ ನೀರು ಇಳಿಯುತ್ತಿತ್ತು. ಕೇಸರಿಬಾತಿಗೆ ಹಾಕುವ ಬಣ್ಣ ತಂದು ಮನೆಮನೆಗೂ ಒಂದೊಂದು ಚಿಟಿಕೆ ಕೊಟ್ಟೆ. ರಾತ್ರಿ ಫ್ಲಶ್ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟು ನೋಡಬೇಕು. ಕಮೋಡಿನ ನೀರಿಗೆ ಬಣ್ಣ ಇಳಿದರೆ ವಾಷರ್ ಹೋಗಿದೆ ಅಂತ ಅರ್ಥ. ಒಂಬತ್ತು ಮನೆಗಳಲ್ಲಿ ಇಳಿದಿತ್ತು. ನಮ್ಮ ಮನೆಯಲ್ಲೂ! ಒಬ್ಬನೇ ಪ್ಲಂಬರ್‌ನಿಂದ ಒಂದೇ ದಿನ ಎಲ್ಲ ಸರಿ ಮಾಡಿಸಿದೆವು.

ತಿಂಗಳ ಲೆಕ್ಕವನ್ನು ಲಿಫ್ಟ್ ಪಕ್ಕದ ಗೋಡೆಗೆ ಅಂಟಿಸಿದೆ. ಜೆಸ್ಕಾಂ ಕರೆಂಟ್ ಬಿಲ್, ಟ್ಯಾಂಕರ್, ವಾಚ್‌ಮನ್ ಸಂಬಳ, ಗುಡಿಸುವವರ ಸಂಬಳ, ಬ್ಯಾಂಕಿನಲ್ಲಿ ಉಳಿದದ್ದು. ಪ್ರತಿ ಟ್ಯಾಂಕರಿನ ಸೆಂಟಿಮೀಟರ್ ಸಮೇತ. ಬಾಕಿದಾರರ ಹೆಸರು ಮಾತ್ರ ಹಾಕಲಿಲ್ಲ. ಹಾಕಿ ಅಂತ ಒತ್ತಾಯ ಮಾಡಿದವರಿದ್ದರು. ದಿನಾ ಮುಖ ನೋಡಿಕೊಂಡು ಬದುಕುವ ಜಾಗದಲ್ಲಿ ಅದು ಬೇಡ ಅನ್ನಿಸಿತು. ಎರಡೇ ತಿಂಗಳಲ್ಲಿ ನಾಲ್ಕು ಮನೆಯವರು ತಾವಾಗಿಯೇ ಕಟ್ಟಿದರು.

ನೆಲಮಹಡಿಯ ಹಿರಿಯರೊಬ್ಬರು, "ನಾನು ಲಿಫ್ಟ್ ಹತ್ತೋದೇ ಇಲ್ಲ, ಅದಕ್ಯಾಕಮ್ಮ ಕೊಡಲಿ?" ಅಂದರು. ಕೇಳಿದ್ದರಲ್ಲಿ ತಪ್ಪಿಲ್ಲ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಬಳಸುವುದಿಲ್ಲ ಅಂತ ಸಾಮಾನ್ಯ ಖರ್ಚಿನ ಪಾಲು ಬಿಡುವ ಹಾಗಿಲ್ಲ. ಯಾರ ಪಾಲು ಎಷ್ಟು ಅನ್ನುವುದು ನಮ್ಮ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ, ಅಂದರೆ ಈ ಕಾಯ್ದೆಯಡಿ ನೋಂದಾಯಿಸಿದ ಅಪಾರ್ಟ್‌ಮೆಂಟಿನ ಘೋಷಣಾ ಪತ್ರದಲ್ಲಿದೆ. ಅದರ ಪ್ರತಿ ತಗೊಂಡು ಅವರ ಮನೆಗೇ ಹೋದೆ. ಚಹಾ ಕುಡಿಯುತ್ತಾ ಇಬ್ಬರೂ ಓದಿದೆವು. ಆ ತಿಂಗಳೇ ಕಟ್ಟಿದರು. ನೀವು ಫ್ಲ್ಯಾಟ್ ಕೊಳ್ಳುವವರಾದರೆ ಈ ಕಾಗದ ಮೊದಲೇ ಓದಿಕೊಳ್ಳಿ. ಹಳೆಯ ಬಾಕಿ ಇಲ್ಲ ಅಂತ ಸಂಘದಿಂದ ಬರೆಸಿಯೂ ಕೊಳ್ಳಿ, ಯಾಕಂದರೆ ಬಾಕಿ ಮನೆಯ ಮೇಲೇ ಇರುತ್ತದೆ, ಕೊಂಡವರ ಬೆನ್ನಿಗೂ ಬರುತ್ತದೆ.

ಒಂದು ಮನೆಯ ವಿಷಯ ಇವತ್ತಿಗೂ ಮನಸ್ಸಿನಲ್ಲಿದೆ. ಹನ್ನೊಂದು ತಿಂಗಳ ಬಾಕಿ. ನೀರು ಬಂದ್ ಮಾಡೋಣ ಅಂತ ಸಭೆಯಲ್ಲಿ ಮಾತು ಬಂತು. ನಾನು ಒಪ್ಪಲಿಲ್ಲ. ಬಳ್ಳಾರಿ ಬಿಸಿಲಿನಲ್ಲಿ ಯಾರ ಮನೆಗೂ ನೀರು ನಿಲ್ಲಿಸಬಾರದು. ಹೋಗಿ ನೋಡಿದರೆ ಅವರು ಬಾಡಿಗೆಯವರು, ಮನೆಯಲ್ಲಿ ಮೂರು ತಿಂಗಳ ಕೂಸು. ಮೆಂಟೆನೆನ್ಸ್ ಸೇರಿಸಿಯೇ ಪ್ರತಿ ತಿಂಗಳು ಮಾಲೀಕರಿಗೆ ಬಾಡಿಗೆ ಕಳಿಸಿದ್ದರು. ಫೋನ್ ತೆಗೆದು ಒಂದೊಂದೇ ತೋರಿಸುವಾಗ ಆ ಹುಡುಗಿಯ ಕೈ ನಡುಗುತ್ತಿತ್ತು. ನಾವು ಮಾಲೀಕರಿಗೆ ಒಂದು ಪತ್ರವನ್ನೂ ಬರೆದಿರಲಿಲ್ಲ. ಅವತ್ತೇ ರಿಜಿಸ್ಟರ್ ಪೋಸ್ಟಿನಲ್ಲಿ ಬರೆದೆವು. ಮೂರು ಕಂತಿನಲ್ಲಿ ದುಡ್ಡು ಬಂತು. ಈಗ ಹೊಸ ಬಾಡಿಗೆಯವರು ಬಂದರೆ, ಮೆಂಟೆನೆನ್ಸ್ ನೇರವಾಗಿ ಸಂಘಕ್ಕೆ ಕಟ್ಟಬೇಕು ಅಂತ ಕರಾರಿನಲ್ಲೇ ಬರೆಸಲು ಮಾಲೀಕರಿಗೆ ಹೇಳುತ್ತೇವೆ.

ಮನೆಗೊಂದು ನೀರಿನ ಮೀಟರ್ ಹಾಕುವುದು ಇನ್ನೂ ಆಗಿಲ್ಲ. ಅಡುಗೆಮನೆಗೆ ಒಂದು ಪೈಪು, ಬಚ್ಚಲಿಗೆ ಇನ್ನೊಂದು ಪೈಪು ಬರುವುದರಿಂದ ಮನೆಗೆ ಎರಡೆರಡು ಮೀಟರ್ ಬೇಕು. ಅದಕ್ಕಾಗಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಎತ್ತಿಡುತ್ತಿದ್ದೇವೆ. ಅಲ್ಲಿಯವರೆಗೆ ಕೋಲು ವಾಚ್‌ಮನ್ ರೂಮಿನ ಬಾಗಿಲ ಹಿಂದೆ ಇದೆ.