ಹಾರ್ಡ್ ಡಿಸ್ಕ್ ಕೈಕೊಡುತ್ತಿದೆಯಾ? ರಿಪೇರಿ ಆಮೇಲೆ, ಮೊದಲು ಫೋಟೊ

ಗುಡುಗು ಮಳೆ ಶುರುವಾದರೆ ಚಿಕ್ಕಮಗಳೂರು, ಮೂಡಿಗೆರೆ ಕಡೆ ಕರೆಂಟ್ ಹೋಗಿ ಬಂದು ಮಾಡುವುದು ಇದ್ದದ್ದೇ. ಜೊತೆಗೆ ಸಿಡಿಲು ಬೇರೆ. ಆಮೇಲೆ ಕಂಪ್ಯೂಟರ್ ಆನ್ ಆಗದಿದ್ದರೆ ಫೋಟೊ ಎಲ್ಲಾ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಸುಟ್ಟಿರುವುದು ಬರೀ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ ಇರಬಹುದು. ಡಿಸ್ಕ್ ಬಿಚ್ಚಿಸಿ, ಅದನ್ನು ಯುಎಸ್‌ಬಿಗೆ ಜೋಡಿಸುವ ಸಾಟಾ-ಯುಎಸ್‌ಬಿ ಕೇಬಲ್‌ನಲ್ಲಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕಿಗೆ ಸಾಮಾನ್ಯವಾಗಿ ಯುಎಸ್‌ಬಿ ಕರೆಂಟೇ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಅಡಾಪ್ಟರ್ ಇರುವ ಕೇಬಲ್ಲೇ ಬೇಕು.

ಡಿಸ್ಕೇ ಹಾಳಾಗುತ್ತಿದ್ದರೆ ಲಕ್ಷಣ ಬೇರೆ. ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಕಾಯಬೇಕು, ಕಾಪಿ ಅರ್ಧದಲ್ಲೇ ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಹಳದಿ ಅಥವಾ ಕೆಂಪು ಗುರುತು ಕಾಣಬಹುದು. ಅದರಲ್ಲಿ 05, ಸಿ5, ಸಿ6 ಎಂಬ ಸಾಲುಗಳನ್ನು ನೋಡಿ. ಕೆಟ್ಟ ಸೆಕ್ಟರ್‌ಗಳ, ಅಂದರೆ ಡಿಸ್ಕಿನಲ್ಲಿ ಹಾಳಾದ ಪುಟ್ಟ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಅದು ಏರುತ್ತಿದ್ದರೆ ಡಿಸ್ಕಿಗೆ ಜಾಸ್ತಿ ಆಯುಷ್ಯ ಇಲ್ಲ.

ಇರುವಷ್ಟು ಆಯುಷ್ಯವನ್ನು ಫೋಟೊ ತೆಗೆಯಲು ಮಾತ್ರ ಬಳಸಿ. ಫಾರ್ಮ್ಯಾಟ್ ಮಾಡಬೇಕಾ ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಸರಿಪಡಿಸುವ ಭರದಲ್ಲಿ ಇದ್ದದ್ದನ್ನೂ ತಿದ್ದಿಬಿಡುತ್ತದೆ. ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವುದಂತೂ ಬೇಡವೇ ಬೇಡ. ಫ್ರೀಜರ್‌ನಲ್ಲಿಡುವ ಉಪಾಯ ಯಾರಾದರೂ ಹೇಳಿದರೆ ಸುಮ್ನೆ ಕೇಳಿ ಬಿಟ್ಟುಬಿಡಿ. ಹೊರಗೆ ತೆಗೆದ ಮೇಲೆ ಡಿಸ್ಕಿಗೆ ನೀರಿನ ಪಸೆ ಹಿಡಿಯುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕೇಳಲೇಬೇಡಿ.

ಟಕ್ ಟಕ್ ಸದ್ದು ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಓದುವ ಹೆಡ್ ಕೆಟ್ಟಿರಬಹುದು, ತಿರುಗಿದಷ್ಟೂ ಪ್ಲ್ಯಾಟರ್ (ಫೈಲ್‌ಗಳು ಇರುವ ಒಳಗಿನ ತಟ್ಟೆ) ಮೇಲೆ ಗೀರು ಬೀಳುವ ಅಪಾಯ. ಅದಕ್ಕೆ ಧೂಳಿಲ್ಲದ ಕ್ಲೀನ್ ರೂಮ್ ಇರುವ ರಿಕವರಿ ಲ್ಯಾಬೇ ಬೇಕು, ಬೆಂಗಳೂರಿಗೆ ಹೋಗಬೇಕಾಗಬಹುದು. ಖರ್ಚು ಸಾವಿರಗಳಲ್ಲಿ. ಫೋಟೊ ಸಿಗದಿದ್ದರೂ ದುಡ್ಡು ಕೊಡಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ಸದ್ದಿಲ್ಲ, ಬರೀ ನಿಧಾನ ಅಂದರೆ ಮನೆಯಲ್ಲೇ ಪ್ರಯತ್ನಿಸಬಹುದು. ಡಿಸ್ಕ್ ತೆರೆದುಕೊಂಡರೆ ಬೇರೆಲ್ಲೂ ಇಲ್ಲದ ಫೋಟೊಗಳನ್ನು ಮೊದಲು ಕಾಪಿ ಮಾಡಿ. ಮದುವೆ ಆಲ್ಬಂ ಸ್ಟುಡಿಯೊದವರ ಹತ್ತಿರ ಇನ್ನೂ ಇರಬಹುದು, ಅಲ್ವಾ? ಹಾಗಿದ್ದರೆ ಅದು ಕೊನೆಗೆ.

ಕಾಪಿ ಪದೇ ಪದೇ ನಿಲ್ಲುತ್ತಿದ್ದರೆ ಕೈಯಲ್ಲಿ ಎಳೆದಾಡಬೇಡಿ. ಸಿಸ್ಟಂರೆಸ್ಕ್ಯೂ ಎಂಬ ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ವಿಂಡೋಸ್ ಬದಲು ಅದರಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಿ. ಅದರಲ್ಲಿರುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇಡೀ ಡಿಸ್ಕನ್ನು ಒಂದು ಇಮೇಜ್ ಫೈಲ್ ಆಗಿ ನಕಲು ಮಾಡುತ್ತದೆ. ಚೆನ್ನಾಗಿ ಓದಲು ಸಿಗುವ ಭಾಗ ಮೊದಲು, ಕೆಟ್ಟ ಜಾಗ ಆಮೇಲೆ. ಎಲ್ಲಿಯವರೆಗೆ ನಕಲಾಯಿತು ಅಂತ ಬರೆದಿಡುವ ಮ್ಯಾಪ್ ಫೈಲ್‌ನ ಹೆಸರನ್ನೂ ಕೊಡಲು ಮರೆಯಬೇಡಿ. ಅದು ಉಳಿದಿದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ನಮ್ಮ ಕಡೆಗೆ ಹೇಳಿ ಮಾಡಿಸಿದ ಸೌಲಭ್ಯ! ಇಮೇಜ್ ಇಡುವ ಡಿಸ್ಕಿನಲ್ಲಿ ಫೋಟೊಗಳಿಗಾಗುವಷ್ಟಲ್ಲ, ಹಳೆ ಡಿಸ್ಕಿನ ಪೂರ್ತಿ ಅಳತೆಯಷ್ಟು ಜಾಗ ಇರಬೇಕು. ಅದು ಫ್ಯಾಟ್32 ಎಂಬ ಹಳೆ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬಾರದು, 4 ಜಿಬಿ ದಾಟಿದ ಫೈಲ್ ಅದರಲ್ಲಿ ಹಿಡಿಸುವುದಿಲ್ಲ. ಎಂಟರ್ ಒತ್ತುವ ಮುಂಚೆ ಯಾವುದು ಹಳೆಯದು, ಯಾವುದು ಹೊಸದು ಅಂತ ಅಳತೆ, ಸೀರಿಯಲ್ ನಂಬರ್ ಎರಡನ್ನೂ ನೋಡಿ. ಎರಡು ಡಿಸ್ಕಿನ ನಡುವೆ ನೇರ ನಕಲು ಮಾಡುವವರು ಅದಲುಬದಲು ಮಾಡಿದರೆ ಫೋಟೊ ಇರುವ ಡಿಸ್ಕೇ ಅಳಿಸಿಹೋಗುತ್ತದೆ.

ನಕಲು ಆಯಿತೇ? ಹಳೆ ಡಿಸ್ಕ್ ತೆಗೆದಿಡಿ. ಇನ್ನು ಹುಡುಕಾಟವೆಲ್ಲ ಇಮೇಜ್ ಮೇಲೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶಕ್ಕೆ ಇಮೇಜ್ ತೋರಿಸಿ, ಜೆಪೆಗ್ ಮಾತ್ರ ಆರಿಸಿ. ಫೋಲ್ಡರ್ ಪಟ್ಟಿ ಹಾಳಾಗಿದ್ದರೂ ಫೈಲ್‌ಗಳ ಆರಂಭದ ಗುರುತು ಹಿಡಿದು ಅದು ಫೋಟೊ ಹೆಕ್ಕುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಇದ್ದರೆ ಮೊದಲು 48 ಅಂಕಿಯ ರಿಕವರಿ ಕೀ ಹಾಕಿ ಬೀಗ ತೆಗೆಯಬೇಕು. ನಿಮ್ಮ ಮೈಕ್ರೊಸಾಫ್ಟ್ ಖಾತೆಯಲ್ಲಿ ಆ ಕೀ ಇರಬಹುದು, ಹುಡುಕಿ.

ಹೀಗೆ ಸಿಕ್ಕ ಫೋಟೊಗಳಿಗೆ ಹಳೆ ಹೆಸರು ಇರುವುದಿಲ್ಲ. ಬ್ರೌಸರ್‌ನ ಚಿಲ್ಲರೆ ಚಿತ್ರಗಳೂ ರಾಶಿ ಬರುತ್ತವೆ, ಅಳತೆ ನೋಡಿ ಚಿಕ್ಕವನ್ನು ಪಕ್ಕಕ್ಕಿಡಿ. ಕ್ಯಾಮೆರಾ ಬರೆದ ತಾರೀಖು ಸಾಮಾನ್ಯವಾಗಿ ಫೋಟೊದ ಒಳಗೇ ಇರುತ್ತದೆ, ಅದರ ಪ್ರಕಾರ ಜೋಡಿಸಿ. ಮುಖ್ಯವಾದದ್ದನ್ನು ಒಂದೊಂದಾಗಿ ತೆರೆದು ನೋಡಿ, ಕೆಲವು ಅರ್ಧ ಬೂದು ಬಣ್ಣಕ್ಕೆ ತಿರುಗಿರುತ್ತವೆ. ಇದೆಲ್ಲ ಮುಗಿದು ಇನ್ನೊಂದು ಕಡೆ ಪ್ರತಿ ಇಡುವ ತನಕ ಹಳೆ ಡಿಸ್ಕನ್ನು ಗುಜರಿಗೆ ಹಾಕಬೇಡಿ.