ಆರೋಗ್ಯ ಸಂಶೋಧನೆಯ ಪೇಪರ್ ಓದುವುದು ಹೇಗೆ: ಔಷಧ, ಹಲ್ಲು, ಸಾರ್ವಜನಿಕ ಆರೋಗ್ಯ

‘ಅಪಾಯ ಶೇ 25ರಷ್ಟು ಇಳಿಕೆ’ ಎಂಬ ತಲೆಬರಹ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು? ಉತ್ತರ ಸುದ್ದಿಯಲ್ಲಿ ಇರುವುದಿಲ್ಲ, ಪೇಪರ್‌ನ ಸಾರಾಂಶದಲ್ಲೂ ಎಷ್ಟೋ ಸಲ ಇರುವುದಿಲ್ಲ. ಒಳಗಿನ ಕೋಷ್ಟಕದಲ್ಲಿ ಇರುತ್ತದೆ. ಅದನ್ನು ಹುಡುಕಿ ತೆಗೆಯಲು ಸಂಖ್ಯಾಶಾಸ್ತ್ರದ ಪದವಿ ಬೇಡ. ಕೂಡಿಸಿ ಕಳೆದು ಭಾಗಿಸಲು ಬಂದರೆ ಸಾಕು.

ಮೊದಲು ಪೇಪರ್‌ನ ಪೂರ್ಣ ಪಾಠ, ಅದರ ಜೊತೆಗಿನ ಅನುಬಂಧ, ಟ್ರಯಲ್ (ಜನರ ಮೇಲಿನ ಚಿಕಿತ್ಸೆಯ ಪ್ರಯೋಗ) ನೋಂದಣಿಯ ಪುಟ ಮತ್ತು ಒಂದು ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ಸಾರಾಂಶ ಮಾತ್ರ ಸಿಕ್ಕಿದ್ದರೆ ಯಾವ ತೀರ್ಮಾನಕ್ಕೂ ಬರಬೇಡಿ. ಅನುಬಂಧವನ್ನು ಡೌನ್‌ಲೋಡ್ ಮಾಡಲು ಹಲವರು ಮರೆಯುತ್ತಾರೆ, ಆದರೆ ಅಡ್ಡಪರಿಣಾಮಗಳ ಪೂರ್ತಿ ಪಟ್ಟಿ ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ.

ಓದುವ ಕ್ರಮ

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸರಾಗ ಓದಿಕೊಂಡು ಹೋಗಬೇಡಿ. ಸಾರಾಂಶದ ಕೊನೆಯ ಎರಡು ಸಾಲು ಓದಿ ಮುಂದಿನದನ್ನು ನೋಡಿದರೆ ಲೇಖಕರ ಕನ್ನಡಕ ಹಾಕಿಕೊಂಡೇ ಅಂಕಿಗಳನ್ನು ನೋಡಿದಂತಾಗುತ್ತದೆ. ನೇರವಾಗಿ ‘ವಿಧಾನ’ ಭಾಗಕ್ಕೆ ಹೋಗಿ, ಪ್ರೈಮರಿ ಔಟ್‌ಕಮ್, ಅಂದರೆ ಅಧ್ಯಯನ ಮುಖ್ಯವಾಗಿ ಅಳೆಯಲು ಹೊರಟ ಫಲಿತಾಂಶ, ಯಾವುದೆಂದು ಹುಡುಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಏನನ್ನು ಅಳೆದರು, ಯಾವ ಉಪಕರಣದಿಂದ, ಎಷ್ಟು ತಿಂಗಳಿಗೆ, ಈ ಮೂರೂ ಅದರಲ್ಲಿರಬೇಕು.

ಈಗ ನೋಂದಣಿ ಸಂಖ್ಯೆ ಹಿಡಿದು ರಿಜಿಸ್ಟ್ರಿಯ ಪುಟ ತೆರೆಯಿರಿ. ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲೇ ಟ್ರಯಲ್ ನೋಂದಣಿ ಆಗಿರಬೇಕು ಎಂದು ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ 2005ರಿಂದಲೇ ಪಟ್ಟು ಹಿಡಿದಿದೆ. ಅಲ್ಲಿ ಎರಡು ದಿನಾಂಕಗಳನ್ನು ಹೋಲಿಸಿ: ನೋಂದಣಿ ಆದದ್ದು ಯಾವಾಗ, ಮೊದಲ ರೋಗಿ ಸೇರಿದ್ದು ಯಾವಾಗ. ನೋಂದಣಿ ಆಮೇಲೆ ಆಗಿದ್ದರೆ ಫಲಿತಾಂಶ ಗೊತ್ತಾದ ಮೇಲೆ ಗುರಿ ಬರೆದಿರುವ ಸಾಧ್ಯತೆ ಇದೆ. ರಿಜಿಸ್ಟ್ರಿಯಲ್ಲಿ ಬರೆದ ಪ್ರೈಮರಿ ಔಟ್‌ಕಮ್ ‘12 ತಿಂಗಳಲ್ಲಿ ಹೊಸ ಹುಳುಕು’ ಎಂದಿದ್ದು ಪೇಪರ್‌ನಲ್ಲಿ ‘3 ತಿಂಗಳಲ್ಲಿ ಪ್ಲಾಕ್ ಸೂಚ್ಯಂಕ’ (ಹಲ್ಲಿಗೆ ಅಂಟಿದ ಜೀವಾಣು ಪದರದ ಅಳತೆ) ಆಗಿದ್ದರೆ ಅಲ್ಲಿಗೇ ನಿಲ್ಲಿ. ಗುರಿ ಯಾಕೆ ಬದಲಾಯಿತು ಎಂಬುದಕ್ಕೆ ಪೇಪರ್‌ನಲ್ಲೇ ಕಾರಣ ಕೊಟ್ಟಿರಬೇಕು. ಇಲ್ಲದಿದ್ದರೆ ಆ ಫಲಿತಾಂಶವನ್ನು ಸುಳಿವೆಂದು ಇಟ್ಟುಕೊಳ್ಳಿ, ಸಾಕ್ಷ್ಯವೆಂದಲ್ಲ.

ಮುಂದಿನದು ಫ್ಲೋ ಡಯಾಗ್ರಾಂ. ಎಷ್ಟು ಜನರನ್ನು ಗುಂಪುಗಳಿಗೆ ಹಂಚಿದರು, ಕೊನೆಗೆ ಎಷ್ಟು ಜನರ ಲೆಕ್ಕ ಸಿಕ್ಕಿತು? ಬಿಟ್ಟುಹೋದವರ ಸಂಖ್ಯೆಯನ್ನು ಫಲಿತಾಂಶದ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಿ. ಉದಾಹರಣೆಗೆ ಎರಡು ಗುಂಪುಗಳಲ್ಲಿ ತಲಾ 100 ಜನ, ಒಂದರಲ್ಲಿ 8 ಮಂದಿಗೆ ತೊಂದರೆ, ಇನ್ನೊಂದರಲ್ಲಿ 14 ಮಂದಿಗೆ, ಆದರೆ ತಲಾ 20 ಮಂದಿ ನಡುವೆ ಕಾಣೆ. ಕಾಣೆಯಾದ 20ರಲ್ಲಿ ಆರೇಳು ಜನರ ಕಥೆ ಬೇರೆಯಾಗಿದ್ದರೆ ಇಡೀ ಫಲಿತಾಂಶವೇ ಮಗುಚುತ್ತದೆ. ಮಾತ್ರೆ ಸರಿಯಾಗಿ ತೆಗೆದುಕೊಂಡವರನ್ನು ಮಾತ್ರ ಲೆಕ್ಕ ಹಾಕಿದ್ದಾರೋ, ಹಂಚಿದ ಎಲ್ಲರನ್ನೂ ಹಂಚಿದ ಗುಂಪಿನಲ್ಲೇ ಲೆಕ್ಕ ಹಾಕಿದ್ದಾರೋ ಅದನ್ನೂ ನೋಡಿ. ಎರಡನೆಯದು ಸರಿಯಾದ ಕ್ರಮ.

ಕೋಷ್ಟಕ 1 ಯಾರ ಮೇಲೆ ಪ್ರಯೋಗ ನಡೆಯಿತು ಎಂದು ಹೇಳುತ್ತದೆ. ಅದರಲ್ಲಿ ಪಿ-ವ್ಯಾಲ್ಯೂಗಳ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆಯ ಅಂಕಿ) ಸಾಲಿದ್ದರೆ ಅತ್ತ ನೋಡಲೇ ಬೇಡಿ. ಗುಂಪುಗಳನ್ನು ಚೀಟಿ ಎತ್ತಿದ ಹಾಗೆ ಹಂಚಿದ ಮೇಲೆ ಉಳಿದ ವ್ಯತ್ಯಾಸ ಆಕಸ್ಮಿಕವೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ.

ಶೇಕಡಾವನ್ನು ನೀವೇ ಬಿಡಿಸಿ

ರಕ್ತದೊತ್ತಡದ ಸ್ಪ್ರಿಂಟ್ ಟ್ರಯಲ್ (2015) ಅಭ್ಯಾಸಕ್ಕೆ ಒಳ್ಳೆಯದು. 9361 ಜನ. ಮೇಲಿನ ಒತ್ತಡವನ್ನು ಒಂದು ಗುಂಪಿನಲ್ಲಿ 120ಕ್ಕಿಂತ ಕೆಳಗೆ, ಇನ್ನೊಂದರಲ್ಲಿ 140ಕ್ಕಿಂತ ಕೆಳಗೆ ಇಡುವ ಗುರಿ. ಸುದ್ದಿಯಾದದ್ದು ‘ಶೇ 25 ಇಳಿಕೆ’. ಕೋಷ್ಟಕದಲ್ಲಿ ಇರುವುದು ಇಷ್ಟು: ಕಟ್ಟುನಿಟ್ಟಿನ ಗುಂಪಿನ 4678 ಜನರಲ್ಲಿ 243 ಮಂದಿಗೆ, ಸಾಮಾನ್ಯ ಗುಂಪಿನ 4683 ಜನರಲ್ಲಿ 319 ಮಂದಿಗೆ ಪ್ರೈಮರಿ ಔಟ್‌ಕಮ್‌ನಲ್ಲಿ ಪಟ್ಟಿ ಮಾಡಿದ ಘಟನೆಗಳಲ್ಲಿ ಒಂದು ಸಂಭವಿಸಿತು.

243 ÷ 4678 = ಶೇ 5.2. 319 ÷ 4683 = ಶೇ 6.8. ವ್ಯತ್ಯಾಸ ಶೇ 1.6. ಈಗ 100 ÷ 1.6, ಅಂದರೆ ಸುಮಾರು 62. ಮೂರು ವರ್ಷಕ್ಕಿಂತ ತುಸು ಹೆಚ್ಚು ಕಾಲ 62 ಜನರಿಗೆ ಕಟ್ಟುನಿಟ್ಟಿನ ಚಿಕಿತ್ಸೆ ಕೊಟ್ಟರೆ ಒಬ್ಬರಿಗೆ ಆ ಘಟನೆ ತಪ್ಪುತ್ತದೆ. ‘ಶೇ 25’ ಸುಳ್ಳಲ್ಲ, ಆದರೆ ರೋಗಿಯ ಮುಂದೆ ಕೂತು ಹೇಳಬೇಕಾದ ಲೆಕ್ಕ ಈ 62. ಕಾಲಾವಧಿಯನ್ನು ಬಿಟ್ಟು ಈ ಅಂಕಿಯನ್ನು ಎಂದೂ ಹೇಳಬೇಡಿ. ಆರು ತಿಂಗಳಿಗೆ 62 ಎಂದರೆ ಅದರ ಅರ್ಥವೇ ಬೇರೆ.

ಅದೇ ಲೆಕ್ಕವನ್ನು ತೊಂದರೆಯ ಕೋಷ್ಟಕಕ್ಕೂ ಮಾಡಿ. ಬಹಳ ಓದುಗರು ಬಿಡುವುದು ಈ ಹೆಜ್ಜೆಯನ್ನೇ. ಮೂತ್ರಪಿಂಡಕ್ಕೆ ಹಠಾತ್ ಹಾನಿ ಕಟ್ಟುನಿಟ್ಟಿನ ಗುಂಪಿನಲ್ಲಿ ಶೇ 4.1, ಸಾಮಾನ್ಯ ಗುಂಪಿನಲ್ಲಿ ಶೇ 2.5. ವ್ಯತ್ಯಾಸ ಮತ್ತೆ ಶೇ 1.6, ಸುಮಾರು 62ಕ್ಕೆ ಒಬ್ಬರು. ಲಾಭ, ತೊಂದರೆ ಎರಡೂ ಒಂದೇ ತೂಕದವು ಎಂದು ಇದರ ಅರ್ಥವಲ್ಲ. ಹೃದಯದ ಕಾಯಿಲೆಯಿಂದ ಸಾಯುವುದಕ್ಕೂ ಗುಣವಾಗಬಲ್ಲ ಮೂತ್ರಪಿಂಡದ ಪೆಟ್ಟಿಗೂ ವ್ಯತ್ಯಾಸವಿದೆ. ಆದರೆ ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಇಟ್ಟಮೇಲೆ ಮಾತ್ರ ಆ ತೂಕದ ಚರ್ಚೆ ಶುರುವಾಗಬೇಕು.

ಇದೇ ಪೇಪರ್‌ನಲ್ಲಿ ಕಲಿಯಬೇಕಾದ್ದು ಇನ್ನೂ ಇದೆ. ಪ್ರೈಮರಿ ಔಟ್‌ಕಮ್ ಐದು ಘಟನೆಗಳ ಗಂಟು: ಹೃದಯಾಘಾತ, ಹೃದಯದ ರಕ್ತಪೂರೈಕೆಯ ಇತರ ತುರ್ತು ಸ್ಥಿತಿ, ಪಾರ್ಶ್ವವಾಯು, ಹಾರ್ಟ್ ಫೇಲ್ಯೂರ್, ಹೃದ್ರೋಗದ ಸಾವು. ಗಂಟು ಬಿಚ್ಚಿದರೆ ಇಳಿಕೆ ಸ್ಪಷ್ಟವಾಗಿ ಕಾಣುವುದು ಹಾರ್ಟ್ ಫೇಲ್ಯೂರ್ ಮತ್ತು ಸಾವಿನಲ್ಲಿ. ಹೃದಯಾಘಾತ, ಪಾರ್ಶ್ವವಾಯುಗಳ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಮಧುಮೇಹ ಇದ್ದವರನ್ನೂ ಹಿಂದೆ ಪಾರ್ಶ್ವವಾಯು ಆಗಿದ್ದವರನ್ನೂ ಇಲ್ಲಿ ಸೇರಿಸಿಕೊಂಡಿರಲಿಲ್ಲ. ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಸ್ವಯಂಚಾಲಿತ ಯಂತ್ರದಿಂದ ಹಲವು ಬಾರಿ ಒತ್ತಡ ಅಳೆದಿದ್ದರು. ಗಡಿಬಿಡಿಯ ಹೊರರೋಗಿ ಕೊಠಡಿಯಲ್ಲಿ ಅಳೆದ 128 ಅವರ 120ಕ್ಕೆ ಸಮವೇ ಇರಬಹುದು. ಆ ಅಂಕಿಯನ್ನು ಹಾಗೇ ಎತ್ತಿಕೊಂಡು ಮಾತ್ರೆ ಏರಿಸಿದರೆ ತಲೆಸುತ್ತಿ ಬೀಳುವುದು ರೋಗಿ.

ಅಳೆದದ್ದು ಯಾವುದು?

ರೋಗಿಗೆ ಬೇಕಾದದ್ದು ಒಂದು, ಅಳೆಯಲು ಸುಲಭವಾದದ್ದು ಇನ್ನೊಂದು. ಈ ಅಂತರದ ಅತಿ ದುಬಾರಿ ಪಾಠ ಕಾಸ್ಟ್ ಟ್ರಯಲ್. ಹೃದಯಾಘಾತದ ನಂತರ ಬಡಿತದ ಲಯ ತಪ್ಪುವುದನ್ನು ಎನ್‌ಕೇನೈಡ್, ಫ್ಲೆಕೇನೈಡ್ ಎಂಬ ಔಷಧಗಳು ಚೆನ್ನಾಗಿಯೇ ತಡೆಯುತ್ತಿದ್ದವು. ಇಸಿಜಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. 1991ರಲ್ಲಿ ಬಂದ ಲೆಕ್ಕದಲ್ಲಿ ಔಷಧ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತಿದ್ದರು, ಪ್ಲಾಸಿಬೊ (ಔಷಧವಿಲ್ಲದ ಹುಸಿ ಮಾತ್ರೆ) ತೆಗೆದುಕೊಂಡ 743ರಲ್ಲಿ 26 ಮಂದಿ.

ಹಲ್ಲಿನ ಸಂಶೋಧನೆಯಲ್ಲಿ ಅಪಾಯ ಇಷ್ಟಿಲ್ಲ, ಆದರೆ ತಪ್ಪಿನ ದಾರಿ ಅದೇ. ಪ್ಲಾಕ್ ಕಡಿಮೆ ಆಯಿತು ಎಂದರೆ ಹುಳುಕು ಕಡಿಮೆ ಆಯಿತು ಎಂದಲ್ಲ. ಎಲೆಕ್ಟ್ರಿಕ್ ಬ್ರಶ್‌ಗಳ ಕುರಿತ 2014ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಟ್ರಯಲ್‌ಗಳನ್ನು ಒಟ್ಟುಗೂಡಿಸಿ ನೋಡುವ ವರದಿ) ಮೂರು ತಿಂಗಳ ನಂತರ ಸಾಮಾನ್ಯ ಬ್ರಶ್‌ಗಿಂತ ಪ್ಲಾಕ್ ಶೇ 21ರಷ್ಟು, ಒಸಡಿನ ಉರಿಯೂತ ಶೇ 11ರಷ್ಟು ಕಡಿಮೆ ಇತ್ತು. ಅಂಕಿ ಸರಿ. ಹಲ್ಲು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ. ಗಾಜಿನ ತಟ್ಟೆಯಲ್ಲಿ ಕೀಟಾಣು ಕೊಂದ ಬಾಯಿ ತೊಳೆಯುವ ದ್ರಾವಣಗಳದ್ದು ಇನ್ನೂ ಹಿಂದಿನ ಹಂತ. ಅಲ್ಲಿ ಜೊಲ್ಲಿಲ್ಲ, ಮೂವತ್ತು ಸೆಕೆಂಡಿಗೆ ಉಗುಳುವುದಿಲ್ಲ, ಒಂದು ಗಂಟೆ ಬಿಟ್ಟು ಮತ್ತೆ ಬೆಳೆಯುವ ಜೀವಾಣುಗಳಿಲ್ಲ.

ಹಲ್ಲನ್ನು ಎಣಿಸಿದರೋ, ಜನರನ್ನೋ

ದಂತ ಸಂಶೋಧನೆಯಲ್ಲಿ ಕಣ್ಣಿಗೆ ಬೀಳದೆ ನುಸುಳುವ ತಪ್ಪು ಇದು. 30 ಜನ, ಒಬ್ಬೊಬ್ಬರಿಗೆ 28 ಹಲ್ಲು, ‘ಒಟ್ಟು ಸ್ಯಾಂಪಲ್ 840’ ಎಂದು ಬರೆದುಬಿಡುತ್ತಾರೆ. ಒಂದೇ ಬಾಯಿಯ ಹಲ್ಲುಗಳು ಒಂದೇ ಜೊಲ್ಲಿನಲ್ಲಿ, ಒಂದೇ ಊಟದಲ್ಲಿ, ಒಂದೇ ಕೈಯ ಬ್ರಶ್ಶಿಗೆ ಸಿಕ್ಕು ಬದುಕುತ್ತವೆ. ಅವುಗಳನ್ನು 28 ಸ್ವತಂತ್ರ ಸಾಕ್ಷಿಗಳೆಂದು ಎಣಿಸುವಂತಿಲ್ಲ.

ಎಷ್ಟು ಕಡಿತ ಮಾಡಬೇಕೆಂದು ಲೆಕ್ಕ ಹಾಕಬಹುದು: 1 + (ಒಬ್ಬರ ಹಲ್ಲುಗಳು − 1) × ಒಳಸಂಬಂಧದ ಗುಣಾಂಕ (ಒಂದೇ ಬಾಯಿಯ ಹಲ್ಲುಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂಬ ಅಳತೆ). ಗುಣಾಂಕ 0.1 ಎಂದಿಟ್ಟುಕೊಂಡರೆ 1 + 27 × 0.1 = 3.7. 840 ÷ 3.7, ಸುಮಾರು 227. ಗುಣಾಂಕ 0.3 ಆದರೆ ಭಾಜಕ 9.1, ಉಳಿಯುವುದು ಸುಮಾರು 92. ಎಂಟುನೂರು ಎಂದು ಕಂಡದ್ದು ನೂರಕ್ಕೂ ಕೆಳಗೆ ಬಂತು. ‘ವಿಧಾನ’ ಭಾಗದಲ್ಲಿ ಈ ಒಳಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಲ್ಟಿಲೆವೆಲ್ ಮಾಡೆಲ್, ಜಿಇಇ ಅಥವಾ ಕ್ಲಸ್ಟರ್ ಹೊಂದಾಣಿಕೆಯ ಮಾತಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿನ ಪಿ-ವ್ಯಾಲ್ಯೂ ನಂಬಬೇಡಿ. ಶಾಲೆಗಳನ್ನೋ ಹಳ್ಳಿಗಳನ್ನೋ ಇಡಿಯಾಗಿ ಗುಂಪುಗಳಿಗೆ ಹಂಚುವ ಸಾರ್ವಜನಿಕ ಆರೋಗ್ಯದ ಟ್ರಯಲ್‌ಗಳಿಗೂ ಇದೇ ಸೂತ್ರ. ಹಲ್ಲಿನ ಜಾಗದಲ್ಲಿ ಒಂದು ಶಾಲೆಯ ಮಕ್ಕಳ ಸಂಖ್ಯೆ ಹಾಕಿ.

ಬಾಯಿಯ ಒಂದು ಬದಿಗೆ ಒಂದು ಚಿಕಿತ್ಸೆ, ಇನ್ನೊಂದು ಬದಿಗೆ ಇನ್ನೊಂದು ಎಂಬ ವಿನ್ಯಾಸದಲ್ಲಿ ಬೇರೆ ತೊಡಕಿದೆ. ಫ್ಲೋರೈಡ್ ವಾರ್ನಿಶ್ ಹಚ್ಚಿದ್ದು ಬಲಕ್ಕೆ, ಜೊಲ್ಲಿನಲ್ಲಿ ಕರಗಿ ಎಡಕ್ಕೂ ಹೋಯಿತು. ಆಗ ವ್ಯತ್ಯಾಸ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಸೀಲೆಂಟ್ (ಹಲ್ಲಿನ ಸಂದು ಮುಚ್ಚುವ ಲೇಪ), ಫಿಲ್ಲಿಂಗ್‌ಗಳಿಗೆ ಈ ವಿನ್ಯಾಸ ಸರಿಹೊಂದುತ್ತದೆ, ಹರಡುವ ಪದಾರ್ಥಗಳಿಗೆ ಹೊಂದುವುದಿಲ್ಲ.

ಜೆನೆರಿಕ್ ಔಷಧ ಮತ್ತು 80–125

‘ಜೆನೆರಿಕ್ ಮಾತ್ರೆಯಲ್ಲಿ ಔಷಧ ಶೇ 20 ಕಡಿಮೆ, ಶೇ 25 ಹೆಚ್ಚು ಇರಬಹುದು’ ಎಂಬ ಮಾತು ಫಾರ್ಮಸಿ ಓದಿದವರ ಬಾಯಲ್ಲೂ ಬರುತ್ತದೆ. ಅದು ತಪ್ಪು. 80–125 ಮಾತ್ರೆಯೊಳಗಿನ ಔಷಧದ ಪ್ರಮಾಣವಲ್ಲ. ರಕ್ತಕ್ಕೆ ಸೇರಿದ ಒಟ್ಟು ಔಷಧ ಮತ್ತು ಅದರ ಗರಿಷ್ಠ ಮಟ್ಟ, ಈ ಎರಡರಲ್ಲೂ ಜೆನೆರಿಕ್ ಮತ್ತು ಮೂಲ ಔಷಧಗಳ ಅನುಪಾತದ 90 ಶೇಕಡಾ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ) ಪೂರ್ತಿಯಾಗಿ ಶೇ 80.00ರಿಂದ 125.00ರ ಒಳಗೆ ಇರಬೇಕು ಎಂಬುದು ನಿಯಮ. ಅನುಪಾತ 98, ಇಂಟರ್ವಲ್ 93–104 ಎಂದಿದ್ದರೆ ಪಾಸ್. ಅನುಪಾತ 85, ಇಂಟರ್ವಲ್ 78–92 ಎಂದಿದ್ದರೆ ಫೇಲ್, ಏಕೆಂದರೆ ಕೆಳತುದಿ 80ಕ್ಕಿಂತ ಕೆಳಗೆ ಇಳಿದಿದೆ. ಹಾಗಾಗಿ ಪಾಸಾಗುವ ಔಷಧದ ಅನುಪಾತ ಸಾಮಾನ್ಯವಾಗಿ 100ರ ಹತ್ತಿರವೇ ಇರುತ್ತದೆ. ಮೇಲೆ 120 ಅಲ್ಲದೆ 125 ಯಾಕೆಂದರೆ ಲೆಕ್ಕ ನಡೆಯುವುದು ಲಾಗ್ ಮಾಪನದಲ್ಲಿ: 1 ÷ 0.8 = 1.25. ಡೋಸ್ ತುಸು ತಪ್ಪಿದರೂ ತೊಂದರೆ ಕೊಡುವ ಔಷಧಗಳಿಗೆ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ 90.00–111.11 ಎಂದು ಗಡಿ ಬಿಗಿ ಮಾಡಿದೆ. ಇಂಥ ಪೇಪರ್‌ಗಳಲ್ಲಿ ‘ವ್ಯತ್ಯಾಸ ಕಾಣಲಿಲ್ಲ, ಪಿ 0.05ಕ್ಕಿಂತ ಹೆಚ್ಚು’ ಎಂದಷ್ಟೇ ಬರೆದು ಸಮಾನ ಎಂದು ಸಾರಿದ್ದರೆ ಒಪ್ಪಬೇಡಿ. ಜನ ಕಡಿಮೆ ಇದ್ದರೆ ಎಂಥ ವ್ಯತ್ಯಾಸವೂ ಕಾಣುವುದಿಲ್ಲ.

ನಂಟು ಮತ್ತು ಕಾರಣ

ಒಸಡಿನ ರೋಗವಿರುವ ಗರ್ಭಿಣಿಯರಿಗೆ ಅವಧಿಗೆ ಮುಂಚೆ ಹೆರಿಗೆ ಆಗುವುದು ಹೆಚ್ಚು ಎಂದು ಹಲವು ಅವಲೋಕನ ಅಧ್ಯಯನಗಳು ಹೇಳಿದ್ದವು. ಹಾಗಾದರೆ ಒಸಡಿಗೆ ಚಿಕಿತ್ಸೆ ಕೊಟ್ಟರೆ? 2006ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಗರ್ಭಾವಸ್ಥೆಯಲ್ಲೇ ಚಿಕಿತ್ಸೆ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ಶೇ 12.0, ಹೆರಿಗೆಯ ನಂತರ ಚಿಕಿತ್ಸೆ ಪಡೆದವರಲ್ಲಿ ಶೇ 12.8. ಒಸಡು ಸುಧಾರಿಸಿತು, ಹೆರಿಗೆಯ ಸಮಯ ಬದಲಾಗಲಿಲ್ಲ. ಧೂಮಪಾನ, ಬಡತನಗಳು ಒಸಡನ್ನೂ ಗರ್ಭವನ್ನೂ ಒಟ್ಟಿಗೆ ಬಾಧಿಸಬಲ್ಲವು. ಇಂಥ ಅಧ್ಯಯನ ಓದುವಾಗ ಎರಡೂ ಕಡೆ ಕೈಯಾಡಿಸಬಲ್ಲ ಮೂರನೆಯ ಸಂಗತಿಗಳನ್ನು ನೀವೇ ಪಟ್ಟಿ ಮಾಡಿ, ಆಮೇಲೆ ಲೇಖಕರು ಯಾವುದನ್ನೆಲ್ಲ ಅಳೆದಿದ್ದಾರೆ ನೋಡಿ. ಅಳೆಯದ್ದನ್ನು ಯಾವ ಸಾಫ್ಟ್‌ವೇರೂ ‘ಹೊಂದಾಣಿಕೆ’ ಮಾಡಲಾರದು.

ಈ ಟ್ರಯಲ್‌ನ ಹ್ಯಾಜರ್ಡ್ ರೇಷಿಯೊ (ಎರಡು ಗುಂಪುಗಳ ಅಪಾಯದ ಅನುಪಾತ, 1 ಎಂದರೆ ವ್ಯತ್ಯಾಸವಿಲ್ಲ) 0.93, ಇಂಟರ್ವಲ್ 0.63–1.37. ಅಪಾಯ ಶೇ 37 ಇಳಿದಿರುವುದರಿಂದ ಹಿಡಿದು ಶೇ 37 ಏರಿರುವವರೆಗೆ ಎಲ್ಲವೂ ಈ ದತ್ತಾಂಶಕ್ಕೆ ಹೊಂದುತ್ತದೆ. ಪರಿಣಾಮ ಇದೆ ಎಂಬುದಕ್ಕೆ ಇಲ್ಲಿ ಆಧಾರ ಸಿಗಲಿಲ್ಲ ಎನ್ನಬಹುದು. ಪರಿಣಾಮ ಇಲ್ಲವೇ ಇಲ್ಲ ಎಂದು ಸಾಬೀತಾಯಿತು ಎನ್ನುವಂತಿಲ್ಲ.

‘ಅಡ್ಡಪರಿಣಾಮ ಶೂನ್ಯ’

ಒಬ್ಬರಿಗೂ ತೊಂದರೆ ಆಗಲಿಲ್ಲ ಎಂದು ಬರೆದಿದ್ದರೆ 3ನ್ನು ಭಾಗವಹಿಸಿದವರ ಸಂಖ್ಯೆಯಿಂದ ಭಾಗಿಸಿ. 60 ಜನರಲ್ಲಿ ಶೂನ್ಯ ಎಂದರೆ ನಿಜವಾದ ಪ್ರಮಾಣ ಶೇ 5ರವರೆಗೂ ಇರಬಹುದು. 300 ಜನರಲ್ಲಿ ಶೂನ್ಯ ಆದರೆ ಶೇ 1ರವರೆಗೆ, 3000 ಆದರೆ ಸಾವಿರಕ್ಕೆ ಒಂದರವರೆಗೆ.

ಕೊನೆಗೆ, ಪೇಪರ್ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನೋಡಿಯೇ ಹಂಚಿಕೊಳ್ಳಿ. ಮೆಡ್‌ಆರ್ಕೈವ್‌ನಂಥ ಪ್ರಿಪ್ರಿಂಟ್ ತಾಣದ್ದಾದರೆ ಬೇರೆ ತಜ್ಞರ ಪರಿಶೀಲನೆ ಇನ್ನೂ ಆಗಿಲ್ಲ ಎಂದರ್ಥ, ನಂತರದ ಆವೃತ್ತಿ ಬಂದಿದೆಯೇ ಹುಡುಕಿ. ಪತ್ರಿಕೆಯಲ್ಲೇ ಬಂದದ್ದಾದರೆ ಪಬ್‌ಮೆಡ್ ಎಂಬ ವೈದ್ಯಕೀಯ ಪೇಪರ್‌ಗಳ ಹುಡುಕುತಾಣದಲ್ಲಿ ಶೀರ್ಷಿಕೆ ಹಾಕಿ. ಹಿಂಪಡೆದಿದ್ದರೆ ಪುಟದ ಮೇಲ್ಭಾಗದಲ್ಲೇ ಆ ಸೂಚನೆ ಇರುತ್ತದೆ. ಡೌನ್‌ಲೋಡ್ ಮಾಡಿಟ್ಟ ಹಳೆಯ ಪಿಡಿಎಫ್‌ನಲ್ಲಿ ಇರುವುದಿಲ್ಲ. ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತು ದಿ ಲ್ಯಾನ್ಸೆಟ್ 2020ರ ಮೇ ತಿಂಗಳಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವನ್ನು, ಮೂಲ ದತ್ತಾಂಶ ತೋರಿಸಲಾಗದೆ, ಜೂನ್ ಮೊದಲ ವಾರದಲ್ಲೇ ಹಿಂಪಡೆಯಲಾಯಿತು. ನಿಮ್ಮ ಕಂಪ್ಯೂಟರ್‌ನಲ್ಲಿರುವ ಪ್ರತಿಯು ಆ ಮೇ ತಿಂಗಳದ್ದಾದರೆ ಅದು ಆ ಸುದ್ದಿಯನ್ನು ಹೇಳುವುದಿಲ್ಲ.